ಒಮ್ಮೆಯೂ ಬೀಳದ ವ್ಯಾಪಾರಿ

"ಗುರುಗಳೇ, ನನಗೆ ಯಾವ ಗಾಡಿ ಸರಿ?" ಎಂದು ಶಿಷ್ಯ ಕೇಳಿದ.

ಇವರು ಮಠದ ಗುರುಗಳಲ್ಲ. ಡಾಂಬರು ಮುಗಿದ ಮೇಲೆ ಶುರುವಾಗುವ ದಾರಿಗಳಲ್ಲಿ, ಕಲ್ಲುಗುಡ್ಡಗಳಲ್ಲಿ, ಹಳ್ಳಗಳಲ್ಲಿ ಬೈಕ್ ಓಡಿಸುವುದನ್ನು ಕಲಿಸುವವರು. ಊರಾಚೆಯ ಒಣಗಿದ ಕೆರೆಯಂಗಳವೇ ಅವರ ಪಾಠಶಾಲೆ. ಶಿಷ್ಯ ಅಲ್ಲಿಗೆ ಬರತೊಡಗಿ ಮೂರು ವರ್ಷವಾಗಿತ್ತು.

ಶಿಷ್ಯ ಮಾತು ಮುಂದುವರಿಸಿದ. "ದೊಡ್ಡದನ್ನೇ ಕೊಳ್ಳಬೇಕೆಂದು ಮನಸ್ಸಾಗಿದೆ. ಭಾರ ಹೆಚ್ಚು, ಎತ್ತರವೂ ಹೆಚ್ಚು. ಅದು ನನಗೆ ಗೊತ್ತು. ಆದರೆ ಈ ಮೂರು ವರ್ಷದಲ್ಲಿ ಗುಡ್ಡದ ದಾರಿಯಲ್ಲಿ ನಾನು ಒಮ್ಮೆಯೂ ಬಿದ್ದಿಲ್ಲ."

ಗುರು ಚೈನಿಗೆ ಎಣ್ಣೆ ಬಿಡುತ್ತಿದ್ದರು. ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡರು.

"ಕೂತುಕೋ," ಎಂದರು.

ಶಿಷ್ಯ ಕುಳಿತ. ಗುರು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಪಂಪ್‌ಸೆಟ್ ಮಾರುತ್ತಿದ್ದ. ಹೆಸರು ಓಂಕಾರಪ್ಪ. ಅವನ ಅಂಗಡಿಯ ಎದುರಿಗೆ ಒಬ್ಬ ದರ್ಜಿ ಇದ್ದ. ಹೆಸರು ವಿಠೋಬ. ವ್ಯಾಪಾರಿ ಎತ್ತರದ ಆಳು, ಗಟ್ಟಿ ಮೈಕಟ್ಟು. ದರ್ಜಿ ಸಣಕಲು. ಹೊಲಿಯಲು ಕುಳಿತರೆ ಮೆಷಿನ್ನಿನ ಹಿಂದೆ ತಲೆ ಮಾತ್ರ ಕಾಣುತ್ತಿತ್ತು.

ವ್ಯಾಪಾರಿ ಮೋಟಾರು ಕೂರಿಸಲು ಹೊಲಗಳಿಗೆ ಹೋಗಬೇಕಾಗುತ್ತಿತ್ತು. ಕೊಳವೆಬಾವಿ ಇರುವ ಕಡೆಗೆಲ್ಲ ಒಳ್ಳೆಯ ದಾರಿ ಇರುವುದಿಲ್ಲ. ಬದುಗಳ ಮೇಲೆ, ಹಳ್ಳಗಳ ಒಳಗೆ ಓಡಿಸಿ ಓಡಿಸಿ ಅವನಿಗೆ ಅದರ ರುಚಿ ಹತ್ತಿತು. ಕೆಲಸವಿಲ್ಲದ ದಿನವೂ ಗುಡ್ಡದ ಕಡೆ ಹೋಗಬೇಕೆನ್ನಿಸುತ್ತಿತ್ತು. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಒಂದು ದಿನ ದರ್ಜಿಯನ್ನು ಕರೆದ. ದರ್ಜಿ ಹೂಂ ಎಂದ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಗುಡ್ಡಕ್ಕೆ ಹೋಗುವುದು ವಾಡಿಕೆಯಾಯಿತು.

ಇಬ್ಬರ ಬಳಿಯೂ ಸಣ್ಣ ಗಾಡಿಗಳೇ ಇದ್ದವು. ಹಾಲಿನವರು ಕ್ಯಾನು ಕಟ್ಟಿಕೊಂಡು ಓಡಿಸುತ್ತಾರಲ್ಲ, ಅಂಥವು. ಮಣ್ಣು ಕಚ್ಚುವ ಟೈರು ಹಾಕಿಸಿದ್ದರು, ಅಷ್ಟೇ. ಹೆಲ್ಮೆಟ್ ಇತ್ತು. ದರ್ಜಿ ದಪ್ಪ ಕ್ಯಾನ್ವಾಸಿನಲ್ಲಿ ಇಬ್ಬರಿಗೂ ಮೊಣಕಾಲಿಗೆ ಪಟ್ಟಿ ಹೊಲಿದ. ನಾಲ್ಕು ವರ್ಷ ಕಳೆದರೂ ವ್ಯಾಪಾರಿಯ ಪಟ್ಟಿ ಹೊಸದರಂತೆಯೇ ಇತ್ತು. ದರ್ಜಿ ತನ್ನದನ್ನು ಮೂರು ಸಲ ಬದಲಾಯಿಸಿದ.

ಮುಂದೆ ಹೋಗುತ್ತಿದ್ದವನು ದರ್ಜಿ. ಹಾಗೆಂದು ಇಬ್ಬರೂ ಕೂತು ತೀರ್ಮಾನ ಮಾಡಿದ್ದಲ್ಲ. ದರ್ಜಿಯ ಗಾಡಿ ಹಳೆಯದು, ನಡುವೆ ನಿಂತುಬಿಡುತ್ತಿತ್ತು. ಹಿಂದೆ ನಿಂತರೆ ಮುಂದಿನವನಿಗೆ ತಿಳಿಯುವುದಿಲ್ಲ. ಅದಕ್ಕೇ ವ್ಯಾಪಾರಿ, "ನೀನು ಮುಂದೆ ಹೋಗು ವಿಠೋಬ, ನಾನು ಹಿಂದೆ ನೋಡಿಕೊಂಡು ಬರುತ್ತೇನೆ," ಎಂದಿದ್ದ. ಹೇಳಿದ್ದು ಸ್ನೇಹದಿಂದಲೇ. ಆಮೇಲೆ ಅದು ಅಭ್ಯಾಸವಾಯಿತು.

ಮುಂದೆ ಹೋಗುವವನಿಗೆ ದಾರಿ ಗೊತ್ತಿರುವುದಿಲ್ಲ. ಕಳೆದ ವಾರ ಇದ್ದ ದಾರಿ ಈ ವಾರ ಇರುವುದಿಲ್ಲ. ಒಂದು ಮಳೆ ಸಾಕು, ಗಟ್ಟಿ ನೆಲ ಕೊರಕಲಾಗುತ್ತದೆ. ಕುರಿಮಂದೆಯೊಂದು ಹಾದುಹೋದರೆ ಕಲ್ಲುಗಳೆಲ್ಲ ಸಡಿಲವಾಗುತ್ತವೆ. ದರ್ಜಿ ಬೀಳುತ್ತಿದ್ದ. ಮರಳಿನಲ್ಲಿ ಬೀಳುತ್ತಿದ್ದ, ಸಣ್ಣಕಲ್ಲಿನ ಗರಸಿನ ಮೇಲೆ ಜಾರುತ್ತಿದ್ದ, ಪಾಚಿ ಕಟ್ಟಿದ ಬಂಡೆಯ ಮೇಲೆ ಗಾಡಿಯ ಸಮೇತ ಮಲಗುತ್ತಿದ್ದ. ಗಾಡಿ ಹಗುರ. ಬಿದ್ದಷ್ಟೇ ಬೇಗ ಎತ್ತಿ ನಿಲ್ಲಿಸುತ್ತಿದ್ದ. ಆಮೇಲೆ ಹಿಂದಕ್ಕೆ ತಿರುಗಿ ಎಡಕ್ಕೋ ಬಲಕ್ಕೋ ಕೈ ತೋರಿಸುತ್ತಿದ್ದ. ವ್ಯಾಪಾರಿ ಆ ಕಡೆಯಿಂದ ದಾಟಿಕೊಂಡು ಬರುತ್ತಿದ್ದ.

ನಾಲ್ಕು ವರ್ಷದಲ್ಲಿ ವ್ಯಾಪಾರಿ ಒಮ್ಮೆಯೂ ಬೀಳಲಿಲ್ಲ.

ಗುಡ್ಡದ ಬುಡದಲ್ಲಿ ಒಂದು ಚಹಾದಂಗಡಿ. ಇಬ್ಬರೂ ಇಳಿದು ಬಂದು ಅಲ್ಲಿ ಕೂರುತ್ತಿದ್ದರು. ಅಂಗಡಿಯಾತ ದರ್ಜಿಯ ಬಟ್ಟೆಯ ಮೇಲಿನ ಮಣ್ಣು ನೋಡಿ, "ಇವತ್ತು ಎಲ್ಲಿ ಮಲಗಿದ್ರಿ?" ಎಂದು ನಗುತ್ತಿದ್ದ. ದರ್ಜಿಯೂ ನಗುತ್ತಿದ್ದ. ವ್ಯಾಪಾರಿಯ ಬಟ್ಟೆ ಶುಭ್ರವಾಗಿರುತ್ತಿತ್ತು. ಗುಡ್ಡಕ್ಕೆ ಬರುತ್ತಿದ್ದ ಬೇರೆ ಊರಿನ ಹುಡುಗರು ಅವನ ವಿಷಯ ಕೇಳಿ ತಿಳಿದರು. ಒಮ್ಮೆಯೂ ಬೀಳದವನು ಎಂದು ಹತ್ತಿರ ಬಂದು ಕೇಳತೊಡಗಿದರು: ಇಳಿಜಾರಿನಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು, ಮರಳಿನಲ್ಲಿ ಹೇಗೆ ಹೋಗಬೇಕು. ವ್ಯಾಪಾರಿ ಸಮಾಧಾನವಾಗಿ ಹೇಳುತ್ತಿದ್ದ. ಮೈ ಸಡಿಲ ಬಿಡಬೇಕು, ಕಣ್ಣು ದೂರದಲ್ಲಿರಬೇಕು, ಅವಸರ ಮಾಡಬಾರದು.

ಹೇಳುತ್ತಿದ್ದುದರಲ್ಲಿ ಒಂದೂ ತಪ್ಪಿರಲಿಲ್ಲ. ಸುಳ್ಳೂ ಇರಲಿಲ್ಲ. ತನಗೆ ಅದೆಲ್ಲ ಬರುತ್ತದೆ ಎಂದು ಅವನು ನಿಜವಾಗಿಯೇ ನಂಬಿದ್ದ. ಪಕ್ಕದಲ್ಲಿ ಕೂತ ದರ್ಜಿಯೂ ಹಾಗೇ ನಂಬಿದ್ದ. "ನಮ್ಮ ಓಂಕಾರಣ್ಣನ ಕೈ ಅಂದ್ರೆ ಕೈ," ಎಂದು ಅವನೇ ಹುಡುಗರಿಗೆ ಹೇಳುತ್ತಿದ್ದ.

ಐದನೆಯ ವರ್ಷ ವ್ಯಾಪಾರಿಗೆ ದೊಡ್ಡ ಗಾಡಿ ಕೊಳ್ಳುವ ಮನಸ್ಸಾಯಿತು. ದರ್ಜಿಯನ್ನೂ ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದ. ಷೋರೂಮಿನಲ್ಲಿ ಗಾಡಿ ಎತ್ತರವಾಗಿ ನಿಂತಿತ್ತು. ವ್ಯಾಪಾರಿ ಹತ್ತಿ ಕೂತ. ಅವನಂಥ ಎತ್ತರದ ಮನುಷ್ಯನಿಗೂ ಕಾಲ ಬೆರಳುಗಳಷ್ಟೇ ನೆಲಕ್ಕೆ ತಾಗಿದವು. ಅವನ ಹಳೆಯ ಗಾಡಿಯಂಥ ಎರಡನ್ನು ಒಟ್ಟಿಗೆ ತೂಗಿದಷ್ಟು ಭಾರವಿತ್ತು.

ಮಾರುವವನು ಕೇಳಿದ, "ಗುಡ್ಡದಲ್ಲಿ ಎಷ್ಟು ವರ್ಷದಿಂದ ಓಡಿಸ್ತಿದ್ದೀರಿ ಸಾರ್? ಬಿದ್ದದ್ದು ಉಂಟಾ?"

"ನಾಲ್ಕು ವರ್ಷ. ಒಮ್ಮೆಯೂ ಇಲ್ಲ."

"ಹಾಗಾದ್ರೆ ಇದು ನಿಮಗೇ ಸರಿ ಸಾರ್."

ದರ್ಜಿ ಗಾಡಿಯ ಸುತ್ತ ಒಂದು ಸುತ್ತು ಬಂದು ಮೆಲ್ಲಗೆ ಕೇಳಿದ, "ಇದನ್ನ ಒಂದ್ಸಲ ನೆಲಕ್ಕೆ ಮಲಗಿಸಿ, ಎತ್ತಿ ನೋಡಬಹುದಾ?"

ಮಾರುವವನಿಗೆ ಗಾಬರಿಯಾಯಿತು. ಹೊಸ ಗಾಡಿ, ಗೀರಾಗುತ್ತದೆ, ಅದೆಲ್ಲ ಆಗುವುದಿಲ್ಲ ಎಂದ. ವ್ಯಾಪಾರಿಗೆ ನಾಚಿಕೆಯಾಯಿತು. ದರ್ಜಿಯನ್ನು ಪಕ್ಕಕ್ಕೆ ಕರೆದು, "ಏನಪ್ಪಾ ನಿನ್ನದು?" ಎಂದು ಕೇಳಿದ.

"ನಿಂತಿರೋ ಗಾಡಿ ಎಲ್ಲಾ ಚೆನ್ನಾಗೇ ಕಾಣುತ್ತೆ ಅಣ್ಣ. ಬಿದ್ದಾಗ ಹೆಂಗಿರುತ್ತೆ ಅಂತ ನೋಡೋಣ ಅಂದೆ."

"ಬಿದ್ದರೆ ತಾನೆ," ಎಂದ ವ್ಯಾಪಾರಿ.

 ಬೀಳುವುದು ತನ್ನ ಪಾಡು, ಓಂಕಾರಣ್ಣನದಲ್ಲ ಎಂದು ದರ್ಜಿಗೂ ಅನ್ನಿಸಿರಬೇಕು. ವ್ಯಾಪಾರಿಯ ಹಳೆಯ ಗಾಡಿ ಮಾರಾಟವಾಯಿತು, ದೊಡ್ಡ ಗಾಡಿ ಮನೆಗೆ ಬಂತು.

ಮೊದಲ ಭಾನುವಾರ ಇಬ್ಬರೂ ಹೊರಟರು. ಎಂದಿನಂತೆ ದರ್ಜಿ ಮುಂದೆ, ವ್ಯಾಪಾರಿ ಹಿಂದೆ. ಅರ್ಧ ಮೈಲಿಯೂ ಹೋಗಲಿಲ್ಲ. ದೊಡ್ಡ ಗಾಡಿ ಅಷ್ಟು ನಿಧಾನಕ್ಕೆ ಒಗ್ಗಲಿಲ್ಲ. ಎಂಜಿನ್ ಕುದಿಯಿತು, ಎರಡು ಸಲ ನಿಂತಿತು. ವ್ಯಾಪಾರಿ ಹಾರ್ನ್ ಒತ್ತಿ ದರ್ಜಿಯನ್ನು ನಿಲ್ಲಿಸಿದ.

"ಇವತ್ತು ನಾನು ಮುಂದೆ ಹೋಗ್ತೀನಿ. ನೀನು ನಿನ್ನ ಪಾಡಿಗೆ ಬಾ," ಎಂದ.

ದರ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಆ ಗಾಡಿ ಕೆಟ್ಟದ್ದಲ್ಲ. ಅಗಲವಾದ ಏರುದಾರಿಯಲ್ಲಿ ಅದು ಹತ್ತಿದ ರೀತಿಗೆ ವ್ಯಾಪಾರಿಯ ಎದೆ ತುಂಬಿತು. ಎದುರಿಗೆ ಯಾರ ಬೆನ್ನೂ ಇಲ್ಲ, ಯಾರ ಧೂಳೂ ಇಲ್ಲ. ಗುಡ್ಡದ ನೆತ್ತಿಯಲ್ಲಿ ನಿಂತು ಹೆಲ್ಮೆಟ್ ತೆಗೆದ. ಗಾಳಿ ಬೀಸುತ್ತಿತ್ತು. ಇಷ್ಟು ವರ್ಷ ಇದೇ ಗುಡ್ಡಕ್ಕೆ ಬಂದಿದ್ದರೂ ಇಂದೇ ಮೊದಲು ಬಂದ ಹಾಗೆ ಅನ್ನಿಸಿತು. ದರ್ಜಿ ಬಂದು ಸೇರುವವರೆಗೆ ಅಲ್ಲಿಯೇ ಕಾದ. ಅವನ ಮುಖದಲ್ಲಿದ್ದ ಸಂತೋಷ ನೋಡಿ ದರ್ಜಿಗೂ ಸಂತೋಷವಾಯಿತು.

ಆಮೇಲೆ ಇಳಿಜಾರು.

ಆ ಇಳಿಜಾರನ್ನು ವ್ಯಾಪಾರಿ ನೂರು ಸಲ ಇಳಿದಿದ್ದ. ಗಟ್ಟಿ ನೆಲ, ಅದರ ಮೇಲೆ ಕಾಳು ಚೆಲ್ಲಿದ ಹಾಗೆ ಗರಸು. ನಡುವೆ ಒಂದು ಕೊರಕಲು. ಎಡದ ಅಂಚಿನಲ್ಲಿ ಹಿಡಿದು ಇಳಿಯಬೇಕೆಂದು ಅವನಿಗೆ ಗೊತ್ತಿತ್ತು. ಎಡದ ಅಂಚಿಗೇ ಹೋದ. ಹಿಂದಿನ ವಾರದ ಮಳೆ ಆ ಅಂಚನ್ನು ಕೊಚ್ಚಿಕೊಂಡು ಹೋಗಿತ್ತು.

ಹಾಗಾದರೆ ಎಲ್ಲಿ ಇಳಿಯಬೇಕು? ಅದನ್ನು ನೆಲ ನೋಡಿ ತಿಳಿಯಬೇಕು. ವ್ಯಾಪಾರಿ ನೆಲ ನೋಡಲಿಲ್ಲ. ಅವನ ಕಣ್ಣು ಮುಂದೆ ಯಾರನ್ನೋ ಹುಡುಕಿತು. ಅಲ್ಲಿ ಯಾರೂ ಇರಲಿಲ್ಲ. ಕೊರಕಲಿನ ಆಚೆ ಒಂದು ಕರಿಯ ಕಲ್ಲು ಕಾಣಿಸಿತು. ಅದಕ್ಕೆ ಬಡಿಯಬಾರದು ಎಂದುಕೊಂಡ. ಅದನ್ನೇ ನೋಡುತ್ತಾ ಹೋದ. ಕಣ್ಣು ನೆಟ್ಟ ಕಡೆಗೇ ಗಾಡಿಯೂ ಹೋಗುತ್ತದೆ. ಕೊನೆಯ ಕ್ಷಣದಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ. ಮುಂದಿನ ಚಕ್ರ ಗರಸಿನ ಮೇಲೆ ಜಾರಿತು. ಗಾಡಿ ಬಲಕ್ಕೆ ಮಗುಚಿತು. ವ್ಯಾಪಾರಿ ಅದರ ಅಡಿಯಲ್ಲಿದ್ದ.

ಸೈಲೆನ್ಸರಿನ ಕೆಳಗೆ ಮೀನಖಂಡ ಸಿಕ್ಕಿಕೊಂಡಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಹನಿಯುತ್ತಿತ್ತು.

ಒಮ್ಮೆಯೂ ಬೀಳದವನಿಗೆ ಬಿದ್ದಾಗ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಮೊದಲು ಎಂಜಿನ್ ಆರಿಸಬೇಕು. ಅವನಿಗೆ ಅದು ಹೊಳೆಯಲೇ ಇಲ್ಲ. ಕಾಲನ್ನು ಎಳೆಯಬಾರದು, ಅವನು ಎಳೆದ. ಎಳೆದಷ್ಟೂ ಪಾದ ಒಳಗೆ ತಿರುಚಿಕೊಂಡಿತು. ಪ್ಯಾಂಟಿನ ಬಟ್ಟೆ ಸುಡುವ ವಾಸನೆ ಬಂತು. ಆಮೇಲೆ ಚರ್ಮ ಉರಿಯತೊಡಗಿತು. ಅವನು ಕೂಗಿದ.

ದರ್ಜಿ ಕೊರಕಲಿನ ಮೇಲ್ಗಡೆಯಲ್ಲೇ ಗಾಡಿ ಬಿಟ್ಟು ಓಡಿ ಬಂದ. ಮೊದಲು ಕೀ ತಿರುಗಿಸಿ ಎಂಜಿನ್ ಆರಿಸಿದ. ಸದ್ದು ನಿಂತಿತು.

"ಎತ್ತು ವಿಠೋಬ, ಎತ್ತು!" ಎಂದ ವ್ಯಾಪಾರಿ.

ದರ್ಜಿ ಹ್ಯಾಂಡಲ್ ಹಿಡಿದು ಮೈಯ ಬಲವೆಲ್ಲ ಹಾಕಿ ಎತ್ತಿದ. ಗಾಡಿ ಒಂದು ಗೇಣು ಮೇಲೆದ್ದಿತು. ಅವನ ಕಾಲಡಿಯ ಗರಸು ಜಾರಿತು. ಗಾಡಿ ಮತ್ತೆ ಅದೇ ಕಾಲಿನ ಮೇಲೆ ಬಿತ್ತು. ವ್ಯಾಪಾರಿಯ ಬಾಯಿಂದ ಬಂದ ಸದ್ದು ಮನುಷ್ಯನದಂತೆ ಇರಲಿಲ್ಲ.

ದರ್ಜಿ ಮತ್ತೆ ಎತ್ತಲು ಹೋಗಲಿಲ್ಲ. ತನ್ನ ದಪ್ಪ ಜಾಕೆಟ್ ಬಿಚ್ಚಿ, ಮಡಿಸಿ, ಸೈಲೆನ್ಸರಿಗೂ ಕಾಲಿಗೂ ನಡುವೆ ತುರುಕಿದ. ಕೈ ಸುಟ್ಟಿತು. ನೀರಿನ ಬಾಟಲಿಯನ್ನು ಪೂರ್ತಿ ಅದರ ಮೇಲೆ ಸುರಿದ. ಹಬೆ ಎದ್ದಿತು. ಆಮೇಲೆ ಓಡಿಹೋಗಿ ತನ್ನ ಗಾಡಿಯಿಂದ ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ ತಂದ. ವ್ಯಾಪಾರಿಯ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿ ಕಾಲಿನ ಅಡಿಯ ನೆಲವನ್ನು ಅಗೆಯತೊಡಗಿದ.

"ಏನ್ ಮಾಡ್ತಿದ್ದೀಯಾ? ಗಾಡಿ ಎತ್ತೋ ಮಾರಾಯಾ!"

"ಗಾಡಿ ನನ್ನ ಕೈಲಿ ಏಳಲ್ಲ ಅಣ್ಣ. ನೆಲ ತಗ್ಗಿಸ್ತೀನಿ. ಕಾಲು ಎಳೀಬೇಡಿ. ಉಸಿರು ಬಿಡಿ, ನಿಧಾನಕ್ಕೆ ಬಿಡಿ."

ನೆಲ ಗಟ್ಟಿಯಿತ್ತು. ಗರಸನ್ನು ಬೆರಳಿನಿಂದ ಕೆರೆದು ತೆಗೆದ. ಅದರ ಕೆಳಗಿನ ಮಣ್ಣನ್ನು ಕಬ್ಬಿಣದಿಂದ ಕುಕ್ಕಿ ಕುಕ್ಕಿ ತೆಗೆದ. ಬಿಸಿಲು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ವ್ಯಾಪಾರಿ ಕೂಗುವುದನ್ನು ನಿಲ್ಲಿಸಿದ. ನೋವು ಹಾಗೇ ಇತ್ತು. ಪಕ್ಕದಲ್ಲಿ ಒಬ್ಬ ಏನು ಮಾಡಬೇಕೆಂದು ತಿಳಿದವನು ಇದ್ದಾನೆ ಎಂಬುದು ಅವನಿಗೆ ಗೊತ್ತಾಗಿತ್ತು.

"ಇದೆಲ್ಲಾ ನಿನಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದ.

"ಯಾರೂ ಇಲ್ಲ. ಎರಡು ಸಲ ನಾನೂ ಹಿಂಗೇ ಸಿಕ್ಕಾಕಿಕೊಂಡಿದ್ದೆ."

"ಯಾವಾಗ? ನಾನೆಲ್ಲಿದ್ದೆ?"

"ನೀವು ಹಿಂದೆ ಇದ್ರಿ." ದರ್ಜಿ ಅಗೆಯುವುದನ್ನು ನಿಲ್ಲಿಸದೆ ಹೇಳಿದ. "ನನ್ನ ಗಾಡಿ ಹಗುರ, ನೀವು ಬರೋಷ್ಟರಲ್ಲಿ ಎದ್ದುಬಿಡ್ತಿದ್ದೆ. ನಾನು ಬಿದ್ದೇ ಇದ್ರೆ ನೀವೂ ಬಂದು ಅಲ್ಲೇ ಬೀಳ್ತೀರಲ್ಲ ಅಂತ."

ವ್ಯಾಪಾರಿ ಕೈ ಚಾಚಿ, ಅಗೆದ ಮಣ್ಣನ್ನು ಪಕ್ಕಕ್ಕೆ ಸರಿಸತೊಡಗಿದ.

ಕಾಲು ಹೊರಬರಲು ಒಂದು ಗಂಟೆಯ ಹತ್ತಿರ ಹಿಡಿಯಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಮೀನಖಂಡದಲ್ಲಿ ಅಂಗೈಯಗಲದ ಸುಟ್ಟ ಗಾಯ. ದರ್ಜಿ ಎರಡು ಕೋಲು ಮುರಿದು ತಂದು ಕಾಲಿನ ಎರಡೂ ಬದಿಗಿಟ್ಟು ಟವೆಲ್ಲಿನಿಂದ ಕಟ್ಟಿದ. ಅವನನ್ನು ಎಳೆದು ಒಂದು ಬಂಡೆಯ ನೆರಳಿಗೆ ಸೇರಿಸಿದ. ಸಣ್ಣ ಗಾಡಿಯ ಹಿಂದೆ ಕೂರಿಸಿಕೊಂಡು ಇಳಿಯುವ ಹಾಗಿರಲಿಲ್ಲ. ಜನ ಕರೆತರುತ್ತೇನೆ ಎಂದು ಹೇಳಿ ತನ್ನ ಗಾಡಿ ಹತ್ತಿ ಇಳಿದು ಹೋದ.

ವ್ಯಾಪಾರಿ ಒಬ್ಬನೇ ಉಳಿದ. ಎದುರಿಗೆ ಹೊಸ ಗಾಡಿ ಬಿದ್ದಿತ್ತು. ಅವನು ಅದನ್ನು ನೋಡಲಿಲ್ಲ. ದರ್ಜಿ ಇಳಿದು ಹೋದ ದಾರಿಯನ್ನು ನೋಡುತ್ತಿದ್ದ. ದರ್ಜಿ ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ. ಕೊರಕಲಿನ ಒಳಗೇ ಇಳಿದು, ಅದರ ತಳದಲ್ಲಿ ಮಳೆನೀರು ತೊಳೆದು ಬರಿದು ಮಾಡಿದ್ದ ಬಂಡೆಯ ಮೇಲೆ ಹಾದು ಹೋಗಿದ್ದ. ಅಲ್ಲಿ ಗರಸೇ ಇರಲಿಲ್ಲ. ಕೈಯಗಲದ ದಾರಿ. ಮೇಲಿನಿಂದ ಬರುವಾಗ ಅದು ಅವನಿಗೆ ಕಂಡಿರಲಿಲ್ಲ.

ಕುರಿ ಕಾಯುವ ನಾಲ್ವರು ಕಂಬಳಿ ಹಿಡಿದುಕೊಂಡು ಬಂದರು. ಅದರಲ್ಲಿ ಮಲಗಿಸಿಕೊಂಡು ಹೊತ್ತು ಇಳಿಸಿದರು. ದರ್ಜಿ ಮುಂದೆ ನಡೆಯುತ್ತಾ ಕಾಲಿಗೆ ಸಿಗುವ ಕಲ್ಲುಗಳನ್ನು ಸರಿಸುತ್ತಿದ್ದ.

ಕಾಲಿಗೆ ರಾಡ್ ಹಾಕಿದರು. ವ್ಯಾಪಾರಿ ಮೂರು ತಿಂಗಳು ಮನೆಯಲ್ಲಿದ್ದ. ಗಾಡಿ ನಾಲ್ಕು ದಿನ ಗುಡ್ಡದಲ್ಲೇ ಬಿದ್ದಿತ್ತು. ಆರು ಜನ ಹಗ್ಗ ಕಟ್ಟಿ ಇಳಿಸಿದರು. ವ್ಯಾಪಾರಿಯ ಹೆಂಡತಿ ಕಮಲಾಕ್ಷಿ ಅದನ್ನು ಅಂಗಡಿಯ ಹಿಂದೆ ನಿಲ್ಲಿಸಿ ಟಾರ್ಪಾಲು ಹೊದಿಸಿದಳು. ದರ್ಜಿ ದಿನಾ ಸಂಜೆ ಬಂದು ಮಾತಾಡಿಸಿ ಹೋಗುತ್ತಿದ್ದ. ಗಾಡಿಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಕೋಲು ಹಿಡಿದು ನಡೆಯಲು ಬಂದ ಮೊದಲ ದಿನ ವ್ಯಾಪಾರಿ ರಸ್ತೆ ದಾಟಿ ದರ್ಜಿಯ ಅಂಗಡಿಗೆ ಹೋದ. ದರ್ಜಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ. ಎದ್ದು ಸ್ಟೂಲು ಹಾಕಿದ. ವ್ಯಾಪಾರಿ ಕೂತ. 

ಆಮೇಲೆ, "ವಿಠೋಬ, ನಿನ್ನ ಅಂಗಿ ತೋಳು ಮಡಿಸು," ಎಂದ.

"ಯಾಕಣ್ಣ?"

"ಮಡಿಸು."

ದರ್ಜಿ ಮಡಿಸಿದ. ಮೊಣಕೈಯ ಬಳಿ ಒಂದು ಹಳೆಯ ಗಾಯದ ಕಲೆ ಇತ್ತು.

"ಇದು ಎಲ್ಲಿ ಆದದ್ದು?"

"ಸೀತಾಫಲದ ಪೊದೆ ಹತ್ರ ತಿರುವು ಬರುತ್ತಲ್ಲ, ಅಲ್ಲಿ."

ವ್ಯಾಪಾರಿಗೆ ಆ ತಿರುವು ಗೊತ್ತಿತ್ತು. ಅದು ಬಹಳ ಸುಲಭದ ತಿರುವು. ಬಲಕ್ಕೆ ಒತ್ತಿ ಬಂದರೆ ಸಾಕು.

"ಮತ್ತೆ ಅದರ ಕೆಳಗಿನ ಕಲೆ?"

"ಹಳ್ಳದ ಮರಳು. ಮೊದಲನೇ ವರ್ಷ."

ಹಳ್ಳದ ಮರಳೂ ವ್ಯಾಪಾರಿಗೆ ಗೊತ್ತಿತ್ತು. ಅಲ್ಲಿ ನಡುವೆ ಹೋಗಬಾರದು, ಹುಲ್ಲು ಬೆಳೆದಿರುವ ಕಡೆ ಹೋಗಬೇಕು. ಅದನ್ನು ಎಷ್ಟೋ ಹುಡುಗರಿಗೆ ಅವನೇ ಹೇಳಿಕೊಟ್ಟಿದ್ದ.

ದರ್ಜಿ ಮೊಣಕಾಲು ತೋರಿಸಿದ, ಹೆಗಲು ತೋರಿಸಿದ, ಹಿಮ್ಮಡಿ ತೋರಿಸಿದ. ತೋರಿಸುತ್ತಾ ನಗುತ್ತಿದ್ದ. ಒಂದೊಂದಕ್ಕೂ ಒಂದೊಂದು ಜಾಗದ ಹೆಸರು ಹೇಳುತ್ತಿದ್ದ. ಕರಿಬಂಡೆಯ ಏರು. ಕುರಿಹಟ್ಟಿಯ ಓಣಿ. ಕೋಡಿಯ ಪಾಚಿ. ವ್ಯಾಪಾರಿಗೆ ಎಲ್ಲವೂ ಗೊತ್ತಿದ್ದವು. ಎಲ್ಲಿಯೂ ಅವನಿಗೆ ಕಷ್ಟವಾಗಿರಲಿಲ್ಲ. ನಾಲ್ಕು ವರ್ಷ ತನ್ನ ಕೈಯ ಚಳಕ ಎಂದುಕೊಂಡಿದ್ದ ಪ್ರತಿಯೊಂದು ಜಾಗವೂ ಇವನ ಮೈಮೇಲಿತ್ತು.

ವ್ಯಾಪಾರಿ ಮುಖ ಆ ಕಡೆ ತಿರುಗಿಸಿದ. ದರ್ಜಿಗೆ ಏನೂ ಅರ್ಥವಾಗಲಿಲ್ಲ. "ಕಾಲು ನೋಯ್ತಿದೆಯಾ ಅಣ್ಣ? ಚಾ ತರಿಸ್ಲಾ?" ಎಂದ.

"ತರಿಸು," ಎಂದ ವ್ಯಾಪಾರಿ.

ಇಬ್ಬರೂ ಚಹಾ ಕುಡಿದರು.

ದೊಡ್ಡ ಗಾಡಿಯನ್ನು ವ್ಯಾಪಾರಿ ಒಬ್ಬ ಲೆಕ್ಚರರಿಗೆ ಕೊಟ್ಟುಬಿಟ್ಟ. ಆತನಿಗೆ ಹೆದ್ದಾರಿಯಲ್ಲಿ ದೂರದೂರ ಹೋಗುವ ಹುಚ್ಚು. ಆ ಗಾಡಿ ಆತನ ಬಳಿ ಇಂದಿಗೂ ಚೆನ್ನಾಗಿ ಓಡುತ್ತಿದೆ.

ಕಾಲು ಪೂರ್ತಿ ಗುಣವಾದ ಮೇಲೆ ವ್ಯಾಪಾರಿ ನನ್ನ ಬಳಿಗೆ ಬಂದ. ಜೊತೆಗೆ ದರ್ಜಿಯೂ ಇದ್ದ. ಇದೆಲ್ಲ ನನಗೆ ತಿಳಿದದ್ದು ಆಗಲೇ. ಅರ್ಧ ಒಬ್ಬ ಹೇಳಿದ, ಉಳಿದರ್ಧ ಇನ್ನೊಬ್ಬ ಹೇಳಿದ. ವ್ಯಾಪಾರಿ ಒಂದು ಹಳೆಯ ಸಣ್ಣ ಗಾಡಿ ತಂದಿದ್ದ. ಕೊಳ್ಳುವ ಮುನ್ನ ಅದನ್ನು ಗ್ಯಾರೇಜಿನ ಅಂಗಳದಲ್ಲಿ ಮಲಗಿಸಿ, ಮೊದಲು ತಾನು ಎತ್ತಿ, ಆಮೇಲೆ ದರ್ಜಿಯಿಂದ ಎತ್ತಿಸಿ ನೋಡಿದ್ದನಂತೆ.

"ಏನು ಕಲಿಯಬೇಕು?" ಎಂದು ಕೇಳಿದೆ.

"ಬೀಳೋದು," ಎಂದ.

ಹುಡುಗಾಟಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ. ಅಲ್ಲ. ಈ ಕೆರೆಯಂಗಳದ ಮರಳಿನಲ್ಲಿ ಒಂದು ತಿಂಗಳು ಅವನು ಬಿದ್ದ. ನಲವತ್ತೇಳು ವರ್ಷದ ಮನುಷ್ಯ. ಮೊದಮೊದಲು ಬೀಳುವಾಗ ಕಣ್ಣು ಮುಚ್ಚುತ್ತಿದ್ದ. ಕೈ ಊರುತ್ತಿದ್ದ. ಮೈಯೆಲ್ಲ ಬಿಗಿ ಹಿಡಿಯುತ್ತಿದ್ದ. ಬಲಗಡೆಗೆ ಬಿದ್ದಾಗಲೆಲ್ಲ ಕಾಲು ನಡುಗಿ ಸ್ವಲ್ಪ ಹೊತ್ತು ಏಳಲಾಗುತ್ತಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ. ನಿಧಾನವಾಗಿ ಗಾಡಿಯಿಂದ ಕಾಲು ಬಿಡಿಸಿಕೊಳ್ಳುವುದನ್ನು ಕಲಿತ, ಬಿದ್ದ ಕೂಡಲೇ ಕೀಗೆ ಕೈ ಹಾಕುವುದನ್ನು ಕಲಿತ. ಎಷ್ಟು ಬಿದ್ದನೋ ಅಷ್ಟು ಎದ್ದ. ಮನೆಗೆ ಹೋದಾಗ ಬಟ್ಟೆಯ ತುಂಬ ಮಣ್ಣು. ಕಮಲಾಕ್ಷಿ ಒಂದು ದಿನ ಇಲ್ಲಿಗೇ ಬಂದು, "ಮುಂಚೆ ಇವರು ಹೀಗಿರಲಿಲ್ಲ, ನೀವು ಏನು ಕಲಿಸುತ್ತಿದ್ದೀರಿ?" ಎಂದು ನನ್ನನ್ನು ಗದರಿಸಿ ಹೋದಳು.

ಈಗ ಅವರಿಬ್ಬರೂ ಮತ್ತೆ ಗುಡ್ಡಕ್ಕೆ ಹೋಗುತ್ತಾರೆ. ಒಂದು ಭಾನುವಾರ ಒಬ್ಬ ಮುಂದೆ, ಮರು ಭಾನುವಾರ ಇನ್ನೊಬ್ಬ. ಮುಂದೆ ಹೋದ ದಿನ ವ್ಯಾಪಾರಿ ಬೀಳುತ್ತಾನೆ. ಮೊದಲ ವರ್ಷ ಬಹಳ ಬಿದ್ದ, ಈಗ ಸ್ವಲ್ಪ ಕಡಿಮೆ. ದರ್ಜಿಗೆ ಹಿಂದೆ ಬರುವುದು ಅಷ್ಟು ಹಿಡಿಸುವುದಿಲ್ಲವಂತೆ. ನಿದ್ದೆ ಬರುತ್ತದೆ ಎನ್ನುತ್ತಾನೆ.

ಗುರು ಕತೆ ನಿಲ್ಲಿಸಿದರು. ಎಣ್ಣೆಯ ಡಬ್ಬಿ ಕೈಗೆತ್ತಿಕೊಂಡರು.



"ಹಾಗಾದರೆ ನಾನೂ ಸಣ್ಣ ಗಾಡಿಯನ್ನೇ ಕೊಳ್ಳಬೇಕೇ, ಗುರುಗಳೇ?"

"ನಾನು ಹಾಗೆ ಹೇಳಲಿಲ್ಲವಲ್ಲ."

"ಮತ್ತೆ, ಯಾವುದು ಸರಿ ಎಂದು ನಾನು ತಿಳಿಯುವುದು ಹೇಗೆ?"

ಗುರು ಚೈನನ್ನು ಒಂದು ಸುತ್ತು ತಿರುಗಿಸಿ ಹೇಳಿದರು, "ಈ ಮೂರು ವರ್ಷ ನಿನ್ನ ಮುಂದೆ ಯಾರು ಹೋಗುತ್ತಿದ್ದರೋ, ಅವರನ್ನು ಕೇಳು."

ಶಿಷ್ಯ ತನ್ನ ಮೊಣಕಾಲಿನ ಪಟ್ಟಿಯನ್ನು ನೋಡಿಕೊಂಡ; ಅದು ಹೊಸದರಂತೆಯೇ ಇತ್ತು.